ಹೊಗೆಯ ಬಣ್ಣ ನೋಡದವರು

ಹೊಗೆ ಕಂಡ ಕೂಡಲೇ ಇಂಜಿನ್ ಹೋಯಿತು ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಜ್ವರ ಬಂದವರನ್ನೆಲ್ಲ ಚಟ್ಟಕ್ಕೆ ಕಟ್ಟುತ್ತೀರೇನ್ರೀ ಎಂದು ಕೇಳಬೇಕೆನಿಸುತ್ತದೆ. ಹೋದ ಚಳಿಗಾಲದಲ್ಲಿ ಹೆಚ್ಚುಕಡಿಮೆ ಹಾಗೇ ಕೇಳಿಯೂ ಬಿಟ್ಟೆ. ಕೇಳಿದ್ದು ಬೇರೆ ಯಾರನ್ನೋ ಅಲ್ಲ, ಸ್ವಂತ ಅಣ್ಣನನ್ನು.

ಗಾಡಿ ಅಪ್ಪನದು. ಕೆನೆ ಬಣ್ಣದ ಹಳೆಯ ಪೆಟ್ರೋಲ್ ಅಂಬಾಸಿಡರ್. ಅಪ್ಪ ಮಡಿಕೇರಿಯಲ್ಲಿ ಅರ್ಚಕರಾಗಿದ್ದರು. ಸುತ್ತಲ ಊರುಗಳಲ್ಲಿ ಗೃಹಪ್ರವೇಶ, ಸತ್ಯನಾರಾಯಣ ಪೂಜೆ ಎಂದರೆ ಹೋಮದ ಸಾಮಾನನ್ನು ಡಿಕ್ಕಿಗೆ ತುಂಬಿಕೊಂಡು ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಇವತ್ತಿಗೂ ಡಿಕ್ಕಿ ತೆಗೆದರೆ ಕರ್ಪೂರದ ವಾಸನೆ. ಅಣ್ಣನಿಗೂ ನನಗೂ ಡ್ರೈವಿಂಗ್ ಕಲಿಸಿದ್ದು ಅವರೇ. ಹೇಳಿಕೊಟ್ಟ ಮಂತ್ರ ಒಂದೇ: "ಗೇರಲ್ಲಿ ಇಳಿ." ಘಾಟಿಯಲ್ಲಿ ಎರಡನೇ ಗೇರು ಹಾಕಿ ಕಾಲು ತೆಗೆದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬರೀ ಬ್ರೇಕನ್ನು ನಂಬಿ ಕೂರಬೇಡ ಎಂದು ಅದರ ಅರ್ಥ. ಅಣ್ಣನಿಗೆ ಈ ಮಂತ್ರ ತಲೆಗೆ ಹತ್ತಲೇ ಇಲ್ಲ. ಇಳಿಜಾರು ಕಂಡರೆ ಸಾಕು, ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಬಿಟ್ಟುಬಿಡುವನು. ನಮ್ಮ ಜಿಲ್ಲೆಯ ಅರ್ಧ ಗಂಡಸರಿಗೆ ಈ ಚಟವಿದೆ. ಅಪ್ಪ ಕೊನೆಗಾಲದಲ್ಲಿ ಕೀಯನ್ನು ನನ್ನ ಕೈಗೆ ಕೊಟ್ಟದ್ದು ಇದೊಂದೇ ಕಾರಣಕ್ಕೆ. ಅಂದಿನಿಂದ ನಾನು ಪಾಠ ಮಾಡುವ ಶಾಲೆಗೆ ಅದರಲ್ಲೇ ಹೋಗಿಬರುತ್ತೇನೆ. ಆದರೆ ಆರ್‌ಸಿ ಅಪ್ಪನ ಹೆಸರಿನಲ್ಲೇ ಉಳಿದಿತ್ತು. ತನಗೂ ಹಕ್ಕಿದೆ ಎನ್ನಲು ಅಣ್ಣನಿಗೆ ಅಷ್ಟು ಸಾಕಾಯಿತು.

ಗಾಡಿಯ ಹಿಂದೆ ಆಗಾಗ ಹೊಗೆ ಕಾಣುತ್ತಿದೆ ಎಂದು ಒಂದು ದಿನ ಫೋನಿನಲ್ಲಿ ಅವನಿಗೆ ಹೇಳಿದ್ದೆ. ಮರುವಾರವೇ ಕುಶಾಲನಗರದಿಂದ ಬಂದಿಳಿದ. ಜೊತೆಗೆ ಗಾಡಿ ಕೊಳ್ಳಲು ಒಬ್ಬ ಹೋಂಸ್ಟೇ ಮಾಲೀಕ, ಒಬ್ಬ ಮೆಕ್ಯಾನಿಕ್. ಹೋಂಸ್ಟೇಯವನ ಆಸೆ ಏನೆಂದರೆ, ಇಂಜಿನ್ ಕಿತ್ತೆಸೆದು, ಬಾನೆಟ್ಟಿನೊಳಗೆ ಮಣ್ಣು ತುಂಬಿ, ಹೂವಿನ ಗಿಡ ನೆಟ್ಟು, ಅಂಗಳದಲ್ಲಿ ನಿಲ್ಲಿಸುವುದು. ಟೂರಿಸ್ಟುಗಳು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರಂತೆ. "ಸೂಪರ್ ಪೀಸ್ ಮೇಡಂ," ಎಂದು ನನಗೇ ಹೇಳಿದ. ನನ್ನ ಗಾಡಿ ನನ್ನ ಕಣ್ಣೆದುರೇ ಹೂವಿನ ಕುಂಡವಾಗುವುದರಲ್ಲಿತ್ತು.

ಆ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಗೇಟಿನಿಂದ ಗಾಡಿ ಕಾಣುತ್ತಿರಲಿಲ್ಲ. ಮೆಕ್ಯಾನಿಕ್ ಸ್ಟಾರ್ಟ್ ಮಾಡಿದ. ಸೈಲೆನ್ಸರಿನಿಂದ ಬೆಳ್ಳಗೆ ಬಂತು. ಇಳಿದು ನಿಂತವನು ಬಾನೆಟ್ ಎತ್ತಲಿಲ್ಲ, ಪ್ಲಗ್ ಬಿಚ್ಚಲಿಲ್ಲ, ಜೇಬಿಗೆ ಹಾಕಿದ ಕೈ ಸಹ ತೆಗೆಯಲಿಲ್ಲ.

"ರಿಂಗ್ ಹೋಗಿದೆ ಮೇಡಂ. ಇಂಜಿನ್ ಹೊಗೆ ಹಾಕಿಸ್ಕೊಂಡಿದೆ," ಎಂದ. ಅವನ ಪೋಕರಿ ಮಾತಿಗೆ ಮೂವರೂ ನಕ್ಕರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಮಡಿಕೇರಿಯ ಮಂಜಿನಲ್ಲಿ ನಿಂತು ಹೊಗೆಯ ಜಾತಕ ಹೇಳುವ ಪಂಡಿತರನ್ನು ಅವತ್ತೇ ನಾನು ನೋಡಿದ್ದು.

"ಯಾವ ಬಣ್ಣದ ಹೊಗೆ?" ಎಂದು ಕೇಳಿದೆ.

ಅಣ್ಣ ಹೇಳಿದ, "ಹೊಗೆ ಅಂದ್ರೆ ಹೊಗೆ ಮಾರಾಯ್ತಿ. ಅದಕ್ಕೂ ಸೀರೆ ಥರ ಬಣ್ಣ ನೋಡ್ತೀಯಾ?"

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಹಿಂದೆ ಹೋಗಿ ಸೈಲೆನ್ಸರಿಗೆ ಅಂಗೈ ಒಡ್ಡಿದೆ. ಬರೀ ನೀರಿನ ಹನಿ. ಆ ಅಂಗೈಯನ್ನು ಅಣ್ಣನ ಮೂಗಿನ ಹತ್ತಿರ ಹಿಡಿದೆ. "ಇದು ಹೊಗೆ ಅಲ್ಲ, ಆವಿ. ಈ ಚಳಿಗೆ ನಿನ್ನ ಬಾಯಿಂದಲೂ ಬರ್ತಾ ಇದೆ. ನಿಂದೂ ರಿಂಗ್ ಹೋಗಿದ್ಯಾ?"

ಹಾಗಾದರೆ ಹೊಗೆಯೇ ಇರಲಿಲ್ಲವೆ? ಇತ್ತು. ತಿಂಗಳುಗಟ್ಟಲೆ ಕನ್ನಡಿಯಲ್ಲಿ ನೋಡಿದ್ದು ನಾನು, ಅವರಲ್ಲ. ಅದು ನೀಲಿ ಹೊಗೆ, ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಆಯಿಲ್ ಒಳಗೆ ನುಗ್ಗಲು ಎರಡು ದಾರಿ. ಕೆಳಗಿನಿಂದ ಬಂದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ. ಆಗ ಇಂಜಿನ್ ತಿಣುಕುತ್ತಾ ಏರು ಹತ್ತುವಾಗ ಹೊಗೆ ಬರುತ್ತದೆ, ಇಂಜಿನ್ ಇಳಿಸದೆ ಬೇರೆ ದಾರಿಯಿಲ್ಲ. ಮೇಲಿನಿಂದ ಬಂದರೆ ವಾಲ್ವ್ ಸೀಲ್ ಎಂಬ ಪುಟ್ಟ ರಬ್ಬರುಗಳು ಒಣಗಿ ಗಟ್ಟಿಯಾಗಿವೆ. ಆಗ ಏರಿನಲ್ಲಿ ಏನೂ ಇರುವುದಿಲ್ಲ. ಗೇರಿನಲ್ಲಿ ತುಂಬ ದೂರ ಇಳಿದ ಮೇಲೋ, ನಿಂತಲ್ಲೇ ಬಹಳ ಹೊತ್ತು ಇಂಜಿನ್ ಓಡಿದ ಮೇಲೋ ಆಕ್ಸಿಲರೇಟರ್ ಒತ್ತಿದರೆ ಬುಸ್ಸೆಂದು ಒಂದು ಉಂಡೆ ಹೊಗೆ. ರಬ್ಬರು ಬದಲಾಯಿಸಿದರೆ ಆಯಿತು. ನನ್ನದು ಈ ಎರಡನೆಯದು ಎಂದು ನನಗೆ ಅನುಮಾನವಿತ್ತು.

ಅನುಮಾನ ಬಿಡಿಸಿಕೊಳ್ಳಲು ಸಂಪಾಜೆ ರಸ್ತೆಗಿಂತ ಒಳ್ಳೆಯ ಜಾಗವಿಲ್ಲ. ಹೋಗುವಾಗ ಉದ್ದಕ್ಕೂ ಇಳಿಜಾರು, ಬರುವಾಗ ಉದ್ದಕ್ಕೂ ಏರು, ಕೆಳಗೆ ಮಂಜಿನ ಕಾಟವೂ ಇಲ್ಲ.

"ನೀನೇ ಓಡಿಸು," ಎಂದು ಅಣ್ಣನ ಕೈಗೆ ಕೀ ಕೊಟ್ಟೆ. "ಬರುವಾಗ ಏರಲ್ಲಿ ಹೊಗೆ ಬಂದ್ರೆ ಇವತ್ತೇ ಗಾಡಿ ತಗೊಂಡು ಹೋಗಿ, ನಾನು ತುಟಿ ಬಿಚ್ಚಲ್ಲ. ಬರದಿದ್ರೆ, ಇಂಜಿನ್ ಚೆನ್ನಾಗಿದೆ, ಗಾಡಿ ಕೊಡಲ್ಲ ಅಂತ ಇವ್ರಿಗೆ ನಿನ್ನ ಬಾಯಿಂದಲೇ ಹೇಳ್ಬೇಕು."

"ಆಯ್ತು, ಹೇಳ್ತೀನಿ," ಎಂದ, ಅವರಿಬ್ಬರ ಎದುರಿಗೇ. ಫೋನ್ ಮಾಡುತ್ತೇನೆ ಎಂದು ಹೋಂಸ್ಟೇಯವನು ಮೆಕ್ಯಾನಿಕ್ಕನನ್ನು ಕರೆದುಕೊಂಡು ಹೊರಟ.

ಮಡಿಕೇರಿ ದಾಟಿ ಮೊದಲ ಇಳಿಜಾರು ಸಿಕ್ಕಿದ್ದೇ ತಡ, ಅಣ್ಣನ ಕೈ ನ್ಯೂಟ್ರಲ್ಲಿಗೆ ಹೋಯಿತು. "ಗೇರಲ್ಲಿ ಇಳಿ!" ಎಂದು ಕಿರುಚಿದೆ. ಅದು ಅಪ್ಪನ ದನಿಯ ಹಾಗೇ ಇತ್ತು. ಅಣ್ಣ ಬೆಚ್ಚಿ ಎರಡನೇ ಗೇರು ಹಾಕಿದ. ಸಂಪಾಜೆವರೆಗೂ ಗೇರಲ್ಲೇ ಇಳಿಸಿದ.

ಕೆಳಗೆ ಸಮತಟ್ಟಾದ ಕಡೆ ಆಕ್ಸಿಲರೇಟರ್ ಒತ್ತಿದ. ಹಿಂದೆ ನೀಲಿ ಹೊಗೆಯ ದೊಡ್ಡ ಉಂಡೆ ಎದ್ದಿತು. "ನೋಡು! ಹೇಳಿದ್ನಲ್ಲ!" ಎಂದು ಸ್ಟಿಯರಿಂಗ್ ಮೇಲೆ ಬಡಿದ. ಅಪ್ಪನ ಗಾಡಿ ಕೆಟ್ಟಿದೆ ಎಂದು ಅಷ್ಟೊಂದು ಖುಷಿಪಡುವ ಮಗನಿಗೆ ಬಂದ ದಾರಿಯತ್ತ ಕೈ ತೋರಿಸಿದೆ.

"ತಿರುಗಿಸು. ಈಗ ಹತ್ತು."

ಹತ್ತುವಾಗ ನನಗೆ ಭಯವಿತ್ತು, ಸುಳ್ಳು ಹೇಳುವುದಿಲ್ಲ. ಅಣ್ಣ ಬೇಕೆಂದೇ ಆಕ್ಸಿಲರೇಟರನ್ನು ಪೂರ್ತಿ ತುಳಿಯುತ್ತಿದ್ದ. ತಿರುವು ತಿರುವಿಗೂ ಇಬ್ಬರ ಕಣ್ಣೂ ಕನ್ನಡಿಗೆ ಹೋಗುತ್ತಿದ್ದವು. ಹಿಂದೆ ರಸ್ತೆ ಕಂಡಿತು, ಮರ ಕಂಡಿತು, ನಮ್ಮನ್ನು ಹಿಂದೆ ಹಾಕಲು ಹಾರ್ನ್ ಹೊಡೆಯುತ್ತಿದ್ದ ಬಸ್ಸು ಕಂಡಿತು. ಹೊಗೆ ಕಾಣಲಿಲ್ಲ. ಅರ್ಧ ಘಾಟಿ ಕಳೆಯುವಷ್ಟರಲ್ಲಿ ಅಣ್ಣ ಕನ್ನಡಿ ನೋಡುವುದನ್ನೇ ಬಿಟ್ಟ. ಅವನಿಗೆ ಗೊತ್ತಾಗಿತ್ತು.

ಮಡಿಕೇರಿ ಇನ್ನೂ ಸ್ವಲ್ಪ ದೂರವಿರುವಾಗ ಹೋಂಸ್ಟೇಯವನ ಫೋನ್ ಬಂತು. ಅಣ್ಣ ಗಾಡಿಯನ್ನು ಬದಿಗೆ ನಿಲ್ಲಿಸಿದ, ಇಂಜಿನ್ ಆಫ್ ಮಾಡಲಿಲ್ಲ. ಅವನು ಮಾತು ಉಳಿಸಿಕೊಳ್ಳುತ್ತಾನೆಂದು ನಾನು ಕಾದು ಕೂತೆ. ಹವೆ, ಕಾಫಿ ರೇಟು, ಟೂರಿಸ್ಟ್ ಸೀಸನ್ ಎಲ್ಲ ಮುಗಿದ ಮೇಲೆ ಅಣ್ಣ ಹೇಳಿದ, "ಏನ್ಮಾಡೋದು ಸರ್, ಇಂಜಿನ್ ಏನೋ ಹೋಗಿದೆ. ಆದ್ರೆ ನನ್ನ ತಂಗಿ ಸ್ವಲ್ಪ ಹಠ. ಸೆಂಟಿಮೆಂಟು. ಹೆಂಗಸರಲ್ವಾ."

ನಾನು ಇಳಿದು, ಸುತ್ತಿಕೊಂಡು ಹೋಗಿ, ಅವನ ಕಡೆಯ ಬಾಗಿಲು ತೆಗೆದೆ.

"ಇಳಿ," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಅಪ್ಪನ ಮಂತ್ರವೇ ನೆನಪಾಗಿರಬೇಕು, "ಇಲ್ಲಿ ಇಳಿಜಾರೆಲ್ಲಿದೆ?" ಎಂದ.

"ಗಾಡಿಯಿಂದ ಇಳಿ."

ಫೋನ್ ಕಿವಿಗೆ ಹಿಡಿದುಕೊಂಡೇ ಇಳಿದು ಗಾಡಿಯ ಹಿಂದೆ ಹೋಗಿ ನಿಂತ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡನೇನೋ. ನಾನು ಕೂತು ಫಸ್ಟ್ ಗೇರು ಹಾಕಿ ಆಕ್ಸಿಲರೇಟರ್ ಒತ್ತಿದೆ. ಅಷ್ಟು ಹೊತ್ತು ನಿಂತಲ್ಲೇ ಓಡುತ್ತಿದ್ದ ಇಂಜಿನ್ ಬುಸ್ಸೆಂದು ಒಂದು ಉಂಡೆ ಹೊಗೆಯನ್ನು ಅವನ ಮುಖಕ್ಕೇ ಬಿಟ್ಟಿತು. ಮಂಜು ಸರಿದು ಚೆನ್ನಾಗಿ ಬಿಸಿಲು ಬಿದ್ದಿತ್ತು. ಈ ಸಲ ಅವನು ಬಣ್ಣ ನೋಡಿರಲೇಬೇಕು.