ನೀರಿನ ಕೆಳಗಿನ ಅರ್ಧ

ಅಮೋಘಸಿದ್ದ ತೀರಿಕೊಂಡು ಎರಡು ತಿಂಗಳಾಗುತ್ತ ಬಂತು. ಗಜೇಂದ್ರಗಡದಲ್ಲಿ ಅವನನ್ನು ‘ಹಡಗಿನ ಸಿದ್ದ’ ಎಂದೇ ಕರೆಯುತ್ತಿದ್ದರು. ಸಮುದ್ರವನ್ನು ಕಣ್ಣಾರೆ ಕಂಡವರು ನಮ್ಮೂರಲ್ಲಿ ಹೆಚ್ಚಿಲ್ಲ. ಅದರಲ್ಲಿ ಮುಳುಗಿ ಎದ್ದು ಬಂದವನು ಅವನೊಬ್ಬನೇ.

ಅವನ ಊರು ಮುಶಿಗೇರಿ. ಹೊಲವನ್ನು ಅಣ್ಣನಿಗೆ ಬಿಟ್ಟು, ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾದಳ ಸೇರಿದ. ಜೊತೆಗೆ ಹೋದವನು ಸೂಡಿಯ ದ್ಯಾಮಪ್ಪ. ಇಬ್ಬರಿಗೂ ಒಂದೇ ಹಡಗು ಸಿಕ್ಕಿತು. ಅಮೋಘಸಿದ್ದನಿಗೆ ಮೇಲೆ ಬಡಿಗತನದ ಕೆಲಸ, ದ್ಯಾಮಪ್ಪನಿಗೆ ಕೆಳಗೆ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ. ಒಂದು ಮುಂಜಾನೆ ಶತ್ರುವಿನ ಟಾರ್ಪೆಡೊ ಬಡಿದು ಹಡಗು ಮುಳುಗಿತು. ಮೇಲಿದ್ದವರಲ್ಲಿ ಕೆಲವರು ಉಳಿದರು. ಕೆಳಗಿದ್ದವರು ಯಾರೂ ಉಳಿಯಲಿಲ್ಲ.

ಯುದ್ಧ ಮುಗಿದ ಮೇಲೆ ಅವನು ಗಜೇಂದ್ರಗಡಕ್ಕೆ ಬಂದು ನೇಕಾರ ಓಣಿಯಲ್ಲಿ ಒಂದು ಖೋಲಿ ಹಿಡಿದ. ಮಗ್ಗಗಳ ರಿಪೇರಿ ಮಾಡಿಕೊಂಡಿದ್ದ. ಮದುವೆಯಾಗಲಿಲ್ಲ. ಸಾಲೆ ಮಾಸ್ತರನಾದ ನಾನು ಸಂಜೆ ಸಾಲೆ ಬಿಟ್ಟ ಮೇಲೆ ಅವನ ಖೋಲಿಗೆ ಹೋಗಿ ಕೂಡುತ್ತಿದ್ದೆ. ಒಮ್ಮೊಮ್ಮೆ ಕತ್ತಲಾಗುವವರೆಗೂ ಅವನು ತನ್ನ ರಿಪೇರಿ ಕೆಲಸ ಮಾಡುವನು, ನಾನು ಹುಡುಗರ ವಹಿ ತಿದ್ದುವೆನು. ಅಂಥ ಗೆಳೆತನ ನಮ್ಮದು.

ಅವನಲ್ಲಿಗೆ ತಪ್ಪದೆ ಬರುತ್ತಿದ್ದ ಇನ್ನೊಬ್ಬರೆಂದರೆ ದ್ಯಾಮಪ್ಪನ ತಾಯಿ ಫಕೀರವ್ವ. ಪ್ರತಿ ಸಂತೆಯ ದಿನ ಸೂಡಿಯಿಂದ ಬಂದು, ಮೊದಲು ಮೋಟಾರು ನಿಲ್ಲುವಲ್ಲಿ ಕೂತು ಇಳಿಯುವವರ ಮುಖ ನೋಡುವಳು. ಆಮೇಲೆ ಇವನ ಖೋಲಿಗೆ ಬಂದು, ಚಹಾ ಕುಡಿದು, ಅದೇ ಪ್ರಶ್ನೆ ಕೇಳುವಳು.

“ದಂಡಿ ಯಾವ ಕಡೆ ಇತ್ತೋ ಸಿದ್ಯಾ?”

“ದಂಡಿ ಇರಲಿಲ್ಲ, ಯವ್ವಾ.”

“ದಂಡಿ ಇಲ್ಲದ ನೀರ ಎಲ್ಲರ ಇರ್ತಾವೇನು? ಮತ್ತ ನೀ ಹ್ಯಾಂಗ ಬಂದಿ?”

“ನನ್ನ ಬ್ಯಾರೆ ಹಡಗದವರು ಎತ್ತಿಕೊಂಡರು.”

“ಹಂಗಾರ ಅವನ್ನೂ ಯಾರರ ಎತ್ತಿಕೊಂಡಿರ್ತಾರ. ನಿನಗಿಂತಾ ಚಲೋ ಈಜತಿದ್ದ ನನ್ನ ಮಗ.”

ಆಕೆ ಕಂಡ ನೀರೆಂದರೆ ಊರ ಬಾವಿ, ಕೆರೆ, ಒಂದೆರಡು ಸಲ ಮಲಪ್ರಭೆ. ಮಹಾನವಮಿ ಅಮಾವಾಸ್ಯೆಗೆ ತೀರಿಹೋದವರಿಗೆ ಎಡೆ ಇಡುವಾಗ ಗಂಡನಿಗೆ ಇಡುತ್ತಿದ್ದಳು, ಮಗನಿಗೆ ಇಡುತ್ತಿರಲಿಲ್ಲ. ಮನೆಯಲ್ಲಿ ಅವನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಮತ್ತೆ ಸುತ್ತಿಡುತ್ತಿದ್ದಳು. ಮಂದಿ ಆಕೆಯ ಹಿಂದೆ ನಗುತ್ತಿದ್ದರು.

“ಆಕಿಗೆ ಒಮ್ಮೆ ಸಮುದ್ರ ತೋರಿಸಬೇಕ್ರಿ, ಮಾಸ್ತರ,” ಎಂದ ಅಮೋಘಸಿದ್ದ ಒಂದು ದಿನ. “ಮುದುಕಿ ಕಾರವಾರ ಮಟ ಬರೂದಿಲ್ಲ. ಬಂದರೂ ದಂಡಿಮ್ಯಾಲೆ ನಿಂತು ನೋಡ್ತಾಳ. ಆಕಿಗೆ ನಡುಸಮುದ್ರ ತೋರಿಸಬೇಕು.”

ಹೀಗೆ ಅವನು ಹಡಗು ಕಟ್ಟಲು ಕೂತ. ಸವೆದು ಮೂಲೆಗೆ ಬಿದ್ದ ಮರದ ಲಾಳಿಗಳನ್ನು ಪಕ್ಕದ ಮಗ್ಗದ ರಮಜಾನಸಾಬರು ಕೊಟ್ಟರು. ಲಾಳಿಗೆ ಎರಡೂ ತುದಿ ಚೂಪು, ನಡುವೆ ನೂಲು ಸುತ್ತಿದ ಕಂಡಿಕೆ ಕೂಡುವ ಟೊಳ್ಳು; ಹಡಗಿನ ಮೈ ಅದರಲ್ಲಿ ಅರ್ಧ ಸಿದ್ಧವಾಗಿಯೇ ಇತ್ತು.

“ಏನಪಾ ಸಿದ್ದಪ್ಪ, ನನ್ನ ಲಾಳಿ ಬಟ್ಟಿ ನೇಯಲಾಕ ಹುಟ್ಟ್ಯಾವೋ, ಲಡಾಯಿ ಮಾಡಲಾಕೋ?”

“ನೇದು ನೇದು ಸುಸ್ತಾಗ್ಯಾವ್ರಿ ಸಾಹೇಬ್ರ. ಒಂದೀಟು ತಿರಗ್ಯಾಡಿ ಬರ್ಲಿ.”

ತೋಪಿನ ನಳಿಗೆಗೆ ಗ್ರಾಮಫೋನಿನ ಸವೆದ ಮುಳ್ಳು, ಕಟಕಟೆಗೆ ತಾಮ್ರದ ತಂತಿ, ಹಗ್ಗಕ್ಕೆ ಗಂಜಿ ಕುಡಿಸಿದ ಒಂದೆಳೆ ನೂಲು. ಮನುಷ್ಯರು ಗೋಧಿ ಕಾಳಿನಷ್ಟು. ಏಣಿಯ ಮೆಟ್ಟಿಲು ದಪ್ಪವಾಯಿತೆಂದು ಮಾಡಿದ್ದನ್ನು ಕಿತ್ತು ಮತ್ತೆ ಮಾಡುವನು. “ಇಷ್ಟು ದಪ್ಪ ಇದ್ದರ ಕಾಲು ಜಾರತಿರಲಿಲ್ರಿ,” ಎನ್ನುವನು. ಅವರ ಹಡಗು ಮತ್ತು ಅದರ ಜೊತೆಗಿದ್ದ ಎರಡು ಹಡಗು, ಒಟ್ಟು ಮೂರನ್ನು ಮುಗಿಸಲು ಎರಡು ವರ್ಷ ಹಿಡಿಯಿತು.

ಐವತ್ತನಾಲ್ಕರ ಗಣಪತಿ ಹಬ್ಬಕ್ಕೆ ಓಣಿಯ ಮಂದಿ ಗಣಪತಿಯ ಮುಂದೆ ದೃಶ್ಯ ಜೋಡಿಸುವ ದೇಖಾವೆಗೆ ಅವನ ಹಡಗುಗಳನ್ನೇ ಇಡಲು ಒಪ್ಪಿದರು. ದೊಡ್ಡ ಹಲಗೆಯ ಮೇಲೆ ರದ್ದಿ ಕಾಗದದ ಮುದ್ದೆಯಿಂದ ತೆರೆಗಳನ್ನು ಎಬ್ಬಿಸಿ, ಕಪ್ಪಿಗೆ ಹತ್ತಿರವಾದ ನೀಲಿ ಬಳಿದಿದ್ದ. ನಾಲ್ಕೂ ಕಡೆ ಹಲಗೆಯ ಅಂಚಿನವರೆಗೆ ನೀರೇ ನೀರು. ದಂಡೆ ಬೇಕೆಂದೇ ಮಾಡಿರಲಿಲ್ಲ. ಮಂದಿ ಮುಗಿಬಿದ್ದು ನೋಡಿದರು. “ತೋಪು ಹಾರತಾವೇನು?” “ಸಮುದ್ರ ಇಷ್ಟ್ಯಾಕ ಕರ್ರಗೈತಿ, ಮಸಿ ಚೆಲ್ಲಿದ್ಯೇನು?” ಅವನು ಸಂತೆಯ ದಾರಿ ನೋಡುತ್ತ ನಿಂತಿದ್ದ.

ಫಕೀರವ್ವ ಬಂದಳು. ಮಂದಿ ದಾರಿ ಬಿಟ್ಟರು. ಬಹಳ ಹೊತ್ತು ನೋಡಿದಳು. ಮೇಲಿದ್ದ ಗೋಧಿ ಕಾಳಿನಂಥ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

“ಇದರಾಗ ನನ್ನ ಮಗ ಯಾಂವ?”

“ಅವ ಕೆಳಗ, ಯವ್ವಾ. ಬೆಂಕಿ ಖೋಲ್ಯಾಗ.”

ಆಕೆ ಬಗ್ಗಿ ಹಲಗೆಯ ಕೆಳಗೆ ನೋಡಿದಳು. ಎದ್ದು ಹೇಳಿದಳು: “ಕೆಳಗ ಏನೂ ಇಲ್ಲಲ್ಲೋ. ಹಲಗಿ ಐತಿ.”

ಮಂದಿ ನಕ್ಕರು. ಅವನು ನಗಲಿಲ್ಲ. ಹಡಗು ನೀರಿನ ಮೇಲೆ ಸರಿಯಾಗಿ ಕೂಡಲೆಂದು ಅವನು ಲಾಳಿಗಳನ್ನು ಉದ್ದಕ್ಕೆ ಸೀಳಿ, ಮೇಲಿನ ಅರ್ಧವನ್ನಷ್ಟೇ ಇಟ್ಟುಕೊಂಡಿದ್ದ. ದೇಖಾವೆಯ ಹಡಗಿಗೆ ನೀರಿನ ಕೆಳಗಿನ ಭಾಗ ಬೇಕಾಗುವುದಿಲ್ಲ, ನೋಡುವವರಿಗೆ ಅದು ಕಾಣುವುದೇ ಇಲ್ಲ. ಎರಡು ವರ್ಷದಲ್ಲಿ ಅವನಿಗೆ ಒಮ್ಮೆಯೂ ಅದು ತಪ್ಪೆಂದು ಹೊಳೆದಿರಲಿಲ್ಲ. ಯಾರು ಮುಳುಗಿದ್ದನ್ನು ತೋರಿಸಲು ಹಡಗು ಕಟ್ಟಿದನೋ ಅವನಿದ್ದ ಜಾಗವನ್ನೇ ಸೀಳಿ ಒಲೆಗೆ ಹಾಕಿದ್ದ.

ಫಕೀರವ್ವ ಹೋಗುವಾಗ ಅವನ ಬೆನ್ನು ತಟ್ಟಿ, “ಚಲೋ ಮಾಡಿಯಪ್ಪಾ. ದ್ಯಾಮ ಬಂದಾಗ ತೋರಿಸು,” ಎಂದಳು.

ಮರುದಿನದಿಂದಲೇ ಅವನು ಹೊಸ ಹಡಗು ಶುರು ಮಾಡಿದ. ಈ ಸಲ ಒಂದೇ ಹಡಗು, ಇಡೀ ಲಾಳಿ. ಅದನ್ನು ಮಗ್ಗುಲಿಗೆ ಹೊರಳಿಸಿ, ನಡುವಿನ ಟೊಳ್ಳು ನೋಡುವವರ ಕಡೆ ಬರುವಂತೆ ಇಟ್ಟು, ಆ ಟೊಳ್ಳಿನಲ್ಲಿ ಬಾಯ್ಲರು, ಕಲ್ಲಿದ್ದಲ ರಾಶಿ, ಮೇಲೆ ಹತ್ತುವ ಒಂದೇ ಒಂದು ಏಣಿ ಮಾಡಿದ. ಬಾಯ್ಲರಿನ ಬಾಯಿಗೆ ಕೆಂಪು ಹಚ್ಚಿದ. ಅದರ ಮುಂದೆ ಸಲಿಕೆ ಹಿಡಿದ ಒಬ್ಬ ಮನುಷ್ಯ. ಆ ಒಬ್ಬನನ್ನು ಮಾಡಲು ಹಡಗಿಗಿಂತ ಹೆಚ್ಚು ದಿನ ತೆಗೆದುಕೊಂಡ. ಆ ದಿನಗಳಲ್ಲಿ ನಾನು ಹೋದರೂ ತಲೆ ಎತ್ತುತ್ತಿರಲಿಲ್ಲ.

ಮರುವರ್ಷ ಓಣಿಯವರಿಗೆ ದೇಖಾವೆಗೆ ಕೃಷ್ಣಲೀಲೆ ಬೇಕಾಗಿತ್ತು. ಅವನು ಬೇಸರ ಮಾಡಿಕೊಳ್ಳಲಿಲ್ಲ. ತನ್ನ ಖೋಲಿಯಲ್ಲೇ ಎದೆಮಟ್ಟಕ್ಕೆ ನೀಲಿ ನೀರಿನ ಹಲಗೆಯನ್ನು ಅಡ್ಡಲಾಗಿ ಇಟ್ಟು, ನಡುವೆ ಕಿಂಡಿ ಕೊರೆದು, ಹಡಗನ್ನು ಅದರಲ್ಲಿ ಕೂರಿಸಿದ. ಅರ್ಧ ಮೇಲೆ, ಅರ್ಧ ಕೆಳಗೆ. ಹಲಗೆಯಿಂದ ನೆಲದವರೆಗೆ ಮೂರು ಕಡೆ ರಮಜಾನಸಾಬರು ಕೊಟ್ಟ ಕಪ್ಪು ಬಟ್ಟೆ ಇಳಿಬಿಟ್ಟ. ಕೆಳಗಿನದನ್ನು ನೋಡಬೇಕಾದರೆ ನೆಲಕ್ಕೆ ಕೂಡಬೇಕು.

ಸಂತೆಯ ದಿನ ಫಕೀರವ್ವ ಬಂದಾಗ ಖೋಲಿಯಲ್ಲಿ ನಾವು ಮೂವರೇ. ಆಕೆ ನೆಲಕ್ಕೆ ಕೂತಳು. ಬೆಂಕಿಯ ಮುಂದಿದ್ದ ಮನುಷ್ಯನನ್ನು ಕಂಡಳು. ಅಲ್ಲಿಂದ ಕಣ್ಣು ಇಳಿಸುತ್ತ ಬಂದು ನೆಲದ ಕತ್ತಲೆಯವರೆಗೆ ನೋಡಿದಳು.

“ಇಷ್ಟ ಆಳ ಇತ್ತೇನೋ?”

“ಇದು ಏನೂ ಅಲ್ಲ, ಯವ್ವಾ. ನಮ್ಮೂರ ಗುಡ್ಡ ತಂದು ಇಟ್ಟರ ಮ್ಯಾಲಿನ ಕೋಟೆ ಸಮೇತ ಮುಳಗಿ ಹೋಗತೈತಿ.”

ಆಕೆ ಏಣಿಯನ್ನು ನೋಡಿದಳು. “ಇದೊಂದ ದಾರಿ?”

“ಒಂದ.”

“ನೀರು ಮೊದಲ ಎಲ್ಲೆ ಬಂತು?”

ಅವನು ಬೆರಳಿಟ್ಟು ತೋರಿಸಿದ. ಏಣಿಯ ಬುಡದಲ್ಲಿ.

ಫಕೀರವ್ವ ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, “ಒಳಗ ಬೆಚ್ಚಗ ಇತ್ತಲ್ಲ?” ಎಂದು ಕೇಳಿದಳು. “ಸಣ್ಣವ ಇದ್ದಾಗಿಂದ ಅವಗ ಥಂಡಿ ತಡೀತಿರಲಿಲ್ಲ.”

“ಭಾಳ ಬೆಚ್ಚಗ ಇತ್ತು, ಯವ್ವಾ.”

ಆ ದಿನ ಆಕೆ ಚಹಾ ಕುಡಿಯಲಿಲ್ಲ. ಅಮಾವಾಸ್ಯೆಗೆ ಸೂಡಿಯಲ್ಲಿ ಗಂಡನ ಎಡೆಯ ಪಕ್ಕದಲ್ಲಿ ಮಗನಿಗೂ ಎಡೆ ಇಟ್ಟಳೆಂದು ಸುದ್ದಿ ಬಂತು. ಅಮೋಘಸಿದ್ದ ಅಂದು ಕೆಲಸಕ್ಕೆ ಹೋಗದೆ ಸುಮ್ಮನೆ ಕೂತಿದ್ದ. ಅವನಿಗೆ ನೆಮ್ಮದಿಯಾಗಿರಬೇಕು ಎಂದುಕೊಂಡೆ.

ಮುಂದಿನ ಸಂತೆಗೆ ಫಕೀರವ್ವ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಬರುವ ಕಾರಣ ಆಕೆಗೆ ಉಳಿದಿರಲಿಲ್ಲ. ಅವನು ಮಾತ್ರ ಸಂತೆಯ ದಿನ ಹಾಲು ಹೆಚ್ಚು ತರುತ್ತಿದ್ದ. ಸಂಜೆ ಅದನ್ನು ನನಗೆ ಕುಡಿಸುತ್ತಿದ್ದ.

ಒಮ್ಮೆ ಅವನೇ ಸೂಡಿಗೆ ಹೋಗಿ ಬಂದ. ಹೇಗಿದ್ದಾಳೆಂದು ಕೇಳಿದೆ.

“ಚಲೋ ಅದಾಳ್ರಿ. ಹೊಲಕ್ಕ ಹೋಗ್ತಾಳ, ಮಂದಿ ಕೂಡ ಮಾತಾಡ್ತಾಳ. ನನ್ನ ಕಂಡ ಕೂಡಲೆ ಅಳಾಕ ಹತ್ತಿದ್ಳು.” ಚಹಾಕ್ಕೆ ನೀರಿಟ್ಟು ಹೇಳಿದ: “ಮೊದಲ ನನ್ನ ಮಾರಿ ನೋಡಿದರ ಆಕಿಗೆ ಮಗ ಬಂದಂಗ ಆಗತಿತ್ತು, ಮಾಸ್ತರ. ಈಗ ಹೋದಂಗ ಆಗತೈತಿ. ನಾ ಹೋಗಬಾರದು.”

ಆಮೇಲೆ ಮೂರು ವರ್ಷ ಇದ್ದ. ಹೊಸ ಹಡಗು ಕಟ್ಟಲಿಲ್ಲ. ಕಳೆದ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಮಲಗಿದ. ದವಾಖಾನೆಯ ಔಷಧ ಹತ್ತಲಿಲ್ಲ. ಕೊನೆಯ ವಾರ ಸೂಡಿಗೆ ಹೇಳಿ ಕಳಿಸಲೇ ಎಂದು ಕೇಳಿದೆ.

“ಬ್ಯಾಡ್ರಿ,” ಎಂದ. “ಒಂದ ಸಲ ಸಾಕು ಆಕಿಗೆ.”

ನಾನು ಹೇಳಿ ಕಳಿಸಲಿಲ್ಲ. ಮುಶಿಗೇರಿಯಿಂದ ಅವನ ಅಣ್ಣ ಬಂದ. ಮಣ್ಣು ಕೊಡಲು ಅಣ್ಣ, ರಮಜಾನಸಾಬರು, ನಾನು ಮತ್ತು ಓಣಿಯ ಕೆಲವರು ಇದ್ದೆವು.