ಎಡಗೈಯ ಮುಷ್ಟಿ

ಅವ್ವನಿಗೆ ಫಿಟ್ಸ್ ಶುರುವಾಗುವುದು ಎಡಗೈಯಿಂದ. ಮೊದಲು ಕಿರುಬೆರಳು ತಾನಾಗಿ ಅಲುಗುತ್ತದೆ, ಆಮೇಲೆ ಉಳಿದ ಬೆರಳುಗಳು, ಆಮೇಲೆ ಮಣಿಕಟ್ಟು. ಅದು ಮೊಳಕೈಗೆ ಏರುವಷ್ಟರಲ್ಲಿ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿರುತ್ತದೆ. ಎಂಬತ್ತೇಳರ ಯುಗಾದಿಯಾದ ಮರುವಾರ ಮೊದಲ ಸಲ ಬಂತು, ಒಲೆಯ ಮುಂದೆ. ದೀಪಾವಳಿಯ ಹೊತ್ತಿಗೆ ಹನ್ನೊಂದು ಸಲ ಆಗಿತ್ತು. ನನಗೆ ಮೊದಲಿಂದಲೂ ದಿನಚರಿ ಬರೆಯುವ ಅಭ್ಯಾಸ. ಬಂದ ತಾರೀಖು, ಇದ್ದ ಹೊತ್ತು ಗುರುತು ಹಾಕುತ್ತಿದ್ದೆ. ಬರೆದಿಟ್ಟರೆ ಭಯ ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿಯಲಿಲ್ಲ. ಒಂದಕ್ಕೂ ಇನ್ನೊಂದಕ್ಕೂ ನಡುವಿನ ದಿನಗಳು ಕಡಿಮೆಯಾಗುತ್ತಿರುವುದು ಕಾಣತೊಡಗಿತು, ಅಷ್ಟೇ.

ಒಂಬತ್ತನೆಯದು ಗೆಟ್ಟವಾಡಿಯ ನಮ್ಮ ಹೊಲದಲ್ಲಿ ಬಂತು, ರಾಗಿಯ ಕಳೆ ಕೀಳುತ್ತಿದ್ದಾಗ. ಅವ್ವನ ಕೈ ಕೊರಳಿನ ಶಿವದಾರಕ್ಕೆ ಸಿಕ್ಕಿಕೊಂಡು ದಾರ ಇನ್ನೇನು ಹರಿಯುವಂತಾಗಿತ್ತು. ಆ ದಾರದಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಲಿಂಗ. ನಮ್ಮಲ್ಲಿ ಹುಟ್ಟಿದಾಗ ಕಟ್ಟಿದ ಲಿಂಗ ಮಣ್ಣಿಗೆ ಹೋಗುವವರೆಗೆ ಮೈ ಬಿಡುವಂತಿಲ್ಲ. ಎಚ್ಚರವಾದ ಮೇಲೆ ಅವ್ವ ಕೇಳಿದ ಮೊದಲ ಮಾತು, "ಬಿತ್ತಾ?" ಬಿದ್ದಿದ್ದರೆ ಅವಳು ಮತ್ತೆ ಅನ್ನ ನೀರು ಮುಟ್ಟುತ್ತಿರಲಿಲ್ಲ. ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಅವತ್ತೇ ದಾರವನ್ನು ಎರಡೆಳೆ ಮಾಡಿದೆವು.

ಚಾಮರಾಜನಗರದ ಡಾಕ್ಟರ ಮಾತ್ರೆ ನಾಟಲಿಲ್ಲ. ತಲೆಯಲ್ಲಿ ಗಡ್ಡೆ ಇರಬಹುದು, ಕೊಯಮತ್ತೂರಿಗೆ ಹೋಗಿ, ಅಲ್ಲಿಗೆ ಹೊಸ ಸ್ಕ್ಯಾನ್ ಮೆಷಿನ್ ಬಂದಿದೆ, ತಲೆ ಬಿಚ್ಚದೆ ಒಳಗನ್ನು ತೋರಿಸುತ್ತದೆ ಎಂದರು.

"ಅದು ತೋರಿಸ್ನಿಲ್ಲ ಅಂದ್ರ?" ಎಂದು ಕೇಳಿದರು ಅಪ್ಪ.

"ಬಿಚ್ಚಿಯೇ ನೋಡಬೇಕಾಗುತ್ತದೆ."

ಮೂರನೆಯ ದಿನ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಕೊಯಮತ್ತೂರಿನ ಬಸ್ಸು ಹತ್ತಿದರು.

ಬಸ್ಸು ಹಾಸನೂರಿನಲ್ಲಿ ಟೀಗೆ ನಿಂತರೂ ನಾನು ಇಳಿಯಲಿಲ್ಲ. ದಿಂಬಂ ಘಾಟಿಯ ಒಂದೊಂದು ತಿರುವಿನಲ್ಲೂ ಅವ್ವನ ಎಡಗೈ ನನ್ನ ಮಡಿಲಲ್ಲೇ ಇತ್ತು.

"ಬುಡು ಮಗ, ಕೈ ಏನು ಇಳ್ಕಂಡು ಓಡೋಯ್ತದಾ?" ಅಂದಳು. ನನಗೆ ನಗು ಬರಲಿಲ್ಲ.

ಸ್ಕ್ಯಾನ್ ಡಾಕ್ಟರು ಚಿಕ್ಕ ವಯಸ್ಸಿನವರು. ಅವ್ವನ ತಮಿಳು ತಾಳವಾಡಿ ಸಂತೆಯ ಮಟ್ಟದ್ದು, ನಾನು ಶಾಲೆಯಲ್ಲಿ ಕಲಿತಿದ್ದೆ, ಹಾಗಾಗಿ ಅವರು ಹೇಳಿದ್ದನ್ನೆಲ್ಲ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಬದನೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ನೋಡಿದ ಹಾಗೆ ಈ ಮೆಷಿನ್ ತಲೆಯನ್ನು ನೋಡುತ್ತದೆ, ಆದರೆ ಕತ್ತಿ ಇಲ್ಲ, ನೋವಿಲ್ಲ ಎಂದರು. ಮೊದಲೆಲ್ಲ ಬೆನ್ನಿನಿಂದ ತಲೆಯೊಳಕ್ಕೆ ಗಾಳಿ ತುಂಬಿಸಿ ಎಕ್ಸ್‌ರೇ ತೆಗೆದು ಊಹೆ ಮಾಡಬೇಕಿತ್ತಂತೆ, ರೋಗಿಗಳು ವಾರಗಟ್ಟಲೆ ತಲೆನೋವಿನಿಂದ ಒದ್ದಾಡುತ್ತಿದ್ದರಂತೆ. "ಇದು ಬಂದು ನಾಲ್ಕು ತಿಂಗಳಾಯಿತು. ಇದರ ಚಿತ್ರ ಓದುವುದನ್ನು ನಾವೂ ಈಗೀಗ ಕಲಿಯುತ್ತಿದ್ದೇವೆ." ಈ ಕೊನೆಯ ಮಾತನ್ನು ನಾನು ಅವ್ವನಿಗೆ ಹೇಳಲಿಲ್ಲ.

ಅಪ್ಪನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ನರ್ಸಮ್ಮ ಅವ್ವನ ಓಲೆ, ಮೂಗುಬೊಟ್ಟು, ತಾಳಿ ಎಲ್ಲ ಬಿಚ್ಚಿಸಿ ನನ್ನ ಕೈಗೆ ಕೊಟ್ಟರು. ಶಿವದಾರಕ್ಕೆ ಕೈ ಹಾಕಿದಾಗ ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕೊರಳಲ್ಲಿ ಲೋಹ ಏನೂ ಇರಬಾರದು ಅಂತ ನಿಮ್ಮಮ್ಮನಿಗೆ ಹೇಳು" ಎಂದರು ನರ್ಸಮ್ಮ. ಹೇಳಿದೆ.

"ಕೊರಳಲ್ಲಿ ಇರಬಾರ್ದು ತಾನೆ? ಇರದಿಲ್ಲ ಬುಡು" ಎಂದು ಅವ್ವ ಪರದೆಯ ಹಿಂದೆ ಹೋದಳು. ಬಂದಾಗ ಕೊರಳು ಬರಿದಾಗಿತ್ತು. ಸೊಂಟಕ್ಕೆ ಕಟ್ಟಿಕೊಂಡಿರಬೇಕು ಅಂದುಕೊಂಡೆ. ನರ್ಸಮ್ಮ ತಲೆಗೆ ಬಟ್ಟೆ ಸುತ್ತಿ ಅವಳನ್ನು ಮಲಗಿಸಿದರು.

ನಾನು ಡಾಕ್ಟರ ಜೊತೆ ಗಾಜಿನ ಈಚೆ ನಿಂತೆ. ಅಲುಗಬೇಡ ಎಂದು ಮೈಕಿನಲ್ಲಿ ಹೇಳುವುದಷ್ಟೇ ನನ್ನ ಕೆಲಸ. ಹಲಗೆ ಜರುಗಿ ಅವ್ವನ ತಲೆ ಆ ದೊಡ್ಡ ಬಳೆಯೊಳಕ್ಕೆ ಹೋಯಿತು. ಮೊದಲ ಚಿತ್ರ ಪರದೆಯ ಮೇಲೆ ಮೂಡುತ್ತಿದ್ದಂತೆ ಮೆಷಿನ್ ನಡೆಸುವವನು ಗುಂಡಿಯಿಂದ ಕೈ ತೆಗೆದ. ತಲೆಯ ಹಿಂಭಾಗದಿಂದ ಬಿಳಿ ಗೆರೆಗಳು ಈಟಿಗಳ ಹಾಗೆ ಎಲ್ಲ ಕಡೆಗೂ ಚಾಚಿಕೊಂಡಿದ್ದವು. ಎರಡನೆಯ ಚಿತ್ರದಲ್ಲೂ ಅದೇ. ಮೆಷಿನ್ ಕೆಟ್ಟಿತೇ ಎಂದು ಅವರಿಬ್ಬರೂ ತಗ್ಗಿದ ದನಿಯಲ್ಲಿ ಮಾತಾಡಿಕೊಂಡರು. ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು.

"ನೀವು ಕಾಡಿನ ಕಡೆಯವರು. ಅಮ್ಮನ ತಲೆಗೆ ಯಾವಾಗಲಾದರೂ ಗುಂಡಿನ ಚೂರು ಹೊಕ್ಕಿತ್ತಾ?"

ಇಲ್ಲ ಎಂದೆ. ನನಗೆ ಗೊತ್ತಿಲ್ಲದೆ ಏನಾದರೂ ಆಗಿತ್ತೇ ಎಂದು ಯೋಚಿಸತೊಡಗಿದೆ.

"ಹೀಗೇ ಬಂದರೆ ಒಳಗೆ ಏನೂ ಕಾಣುವುದಿಲ್ಲ. ಆಮೇಲೆ ನಮಗೆ ಬೇರೆ ದಾರಿ ಇಲ್ಲ" ಎಂದರು. ಬೇರೆ ದಾರಿ ಇಲ್ಲ ಅಂದರೆ ಏನೆಂದು ನನಗೆ ಅರ್ಥವಾಗಿತ್ತು. ಅವರು ಪರದೆಗೆ ಇನ್ನಷ್ಟು ಬಗ್ಗಿ, "ಇರು, ಇದು ಮೂಳೆಯಿಂದ ಹೊರಗಿದೆ" ಎಂದರು.

ನಾನು ಒಳಗೆ ಓಡಿದೆ. "ಅವ್ವ, ಲಿಂಗ ಎಲ್ಲಿ?"

"ಮುಡಿಲಿ."

"ಯಾಕವ್ವಾ!"

"ಕೊರಳಲ್ಲಿ ಬ್ಯಾಡ ಅಂದ್ರಲ್ಲ. ತಲ ಮ್ಯಾಲ ಇಟ್ಕಂಡಿ. ಅದಕ್ಕಿಂತ ಒಳ್ಳೆ ಜಾಗ ಯಾವ್ದದ? ಒತ್ತಿ ಒತ್ತಿ ನೋಯ್ತಿತ್ತು, ಅಲ್ಲಾಡಬ್ಯಾಡ ಅಂದಿದ್ದಲ್ಲ, ಸುಮ್ನಿದ್ದಿ."

ನರ್ಸಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಡಾಕ್ಟರು ನಗಲಿಲ್ಲ. ಎಲ್ಲಾದರೂ ಇರಲಿ, ತಲೆಯಿಂದ ದೂರ ಇರಲಿ ಎಂದರು. ಅವ್ವ ಎಡ ಅಂಗೈ ಚಾಚಿದಳು.

"ಆ ಕೈ ಬೇಡವ್ವ" ಎಂದೆ.

"ಪೂಜಲಿ ಇದೇ ಕೈಲಿ ತಾನೆ ಇರದು? ಬಲಗೈಲಿ ಇಟ್ಕಂಡು ಪೂಜ ಮಾಡದ ಎಲ್ಲಾರ ನೋಡಿದ್ದಿಯಾ ನೀನು?"

"ಫಿಟ್ಸ್ ಬಂದರೆ?"

ಅವಳು ಕರಡಿಗೆಯನ್ನು ಅಂಗೈಯಲ್ಲಿಟ್ಟು ಮುಷ್ಟಿ ಕಟ್ಟಿದಳು. ನರ್ಸಮ್ಮ ಮುಷ್ಟಿಯ ಮೇಲೆ ಬ್ಯಾಂಡೇಜು ಸುತ್ತಿದರು. ನಾನು ಗಂಟು ಎಳೆದು ನೋಡಿದೆ, ಮತ್ತೊಮ್ಮೆ ಎಳೆದು ನೋಡಿದೆ. ಗಡ್ಡೆ ಇದ್ದರೆ ಚಿತ್ರದಲ್ಲಿ ಎದ್ದು ಕಾಣಲೆಂದು ಬಲಗೈಯ ನರಕ್ಕೆ ಔಷಧಿ ಚುಚ್ಚಿದರು. ಹಲಗೆ ಮತ್ತೆ ಒಳಕ್ಕೆ ಹೋಯಿತು.

ಈ ಸಲ ನಾನು ಚಿತ್ರ ನೋಡಲಿಲ್ಲ, ಬಿಳಿ ಬಟ್ಟೆಯ ಆ ಮುಷ್ಟಿಯನ್ನೇ ನೋಡಿದೆ. ಅರ್ಧ ಮುಗಿದಿರಬೇಕು, ಬಟ್ಟೆ ಒಳಗಿನಿಂದ ಅಲುಗಿತು. ನಿಂತಿತು. ಮತ್ತೆ ಅಲುಗಿತು. ಕಿರುಬೆರಳೋ ಬೇರೆ ಬೆರಳೋ ತಿಳಿಯುವಂತಿರಲಿಲ್ಲ.

"ಡಾಕ್ಟರ್, ಕೈ."

ಅವರೂ ನೋಡಿದರು. "ಶುರುವಾಯಿತಾ? ನಿಲ್ಲಿಸಲಾ? ಇನ್ನು ಮೂರೇ ಇವೆ."

ನಿಲ್ಲಿಸಿದರೆ ಚಿತ್ರ ಹೋಗುತ್ತದೆ. ನಿಲ್ಲಿಸದೆ ಫಿಟ್ಸ್ ಬಂದರೆ, ಪಟ್ಟಿ ಹಾಕಿ ಬಿಗಿದ ತಲೆ, ಆ ಇಕ್ಕಟ್ಟು, ಕೈಯಿಂದ ಕಳಚುವ ಲಿಂಗ. ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಎಣಿಸಿದೆ. ಫಿಟ್ಸ್ ಬರುವಾಗ ಅಲುಗಾಟ ಬರಬರುತ್ತ ಬಿರುಸಾಗುತ್ತದೆ. ಇದು ಬಿರುಸಾಗಲಿಲ್ಲ. ಐದು ಸಲ ಅಲುಗಿ ನಿಲ್ಲುತ್ತಿತ್ತು, ಮತ್ತೆ ಐದು ಸಲ. ನ, ಮಃ, ಶಿ, ವಾ, ಯ. ಹೆಬ್ಬೆರಳಿನಿಂದ ಕರಡಿಗೆಯನ್ನು ಒತ್ತಿ ಅವಳು ಮಂತ್ರ ಹೇಳಿಕೊಳ್ಳುತ್ತಿದ್ದಳು. ಹಾಗೆಂದು ನಾನು ನಂಬಿದೆ.

"ನಡೆಸಿ" ಎಂದೆ. ಆ ಮೂರು ಚಿತ್ರ ಮುಗಿಯುವವರೆಗೆ ಐದೈದಾಗಿ ಎಣಿಸುತ್ತಲೇ ಇದ್ದೆ.

ತಲೆಯ ಬಲಗಡೆ ಕಡಲೆಕಾಳಿನಷ್ಟು ಬಿಳಿ ಉಂಗುರವೊಂದು ಸ್ಪಷ್ಟವಾಗಿ ಕಂಡಿತು. ಕ್ಷಯದ ಗಂಟೋ ಬೇರೇನೋ ತನಗೆ ಖಚಿತವಿಲ್ಲ ಎಂದು ಡಾಕ್ಟರು ಒಪ್ಪಿಕೊಂಡರು. ಚಿಕ್ಕದು, ಈಗ ಕತ್ತಿ ಬೇಡ, ಮಾತ್ರೆ ಕೊಟ್ಟು ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡೋಣ ಎಂದರು.

ಹೊರಗೆ ಅಪ್ಪ ಎದ್ದು ನಿಂತಿದ್ದರು. "ಬಿಚ್ಚದಿಲ್ವಂತಾ?"

"ಈಗ ಇಲ್ಲ."

"ಈಗ ಅಂದ್ರ?"

ಮಾತ್ರೆಯ ಚೀಟಿಯನ್ನು ಅವರ ಕೈಗೆ ಕೊಟ್ಟೆ.

ಬ್ಯಾಂಡೇಜನ್ನು ಊರಿಗೆ ಹೋಗಿ ಮಿಂದ ಮೇಲೆ ಬಿಚ್ಚುತ್ತೇನೆ ಎಂದಳು ಅವ್ವ. ಘಾಟಿ ಹತ್ತುವಾಗ ಆ ಮುಷ್ಟಿ ಮತ್ತೆ ನನ್ನ ಮಡಿಲಲ್ಲಿತ್ತು. ಬಟ್ಟೆಯೊಳಗೆ ಹೆಬ್ಬೆರಳು ಒತ್ತುತ್ತಿತ್ತು, ಐದು, ಆಮೇಲೆ ಐದು. ಹಾಸನೂರು ದಾಟಿದ ಮೇಲೆ ಅವಳಿಗೆ ನಿದ್ದೆ ಹತ್ತಿ ಬೆರಳು ನಿಂತಿತು. ಅದು ಮತ್ತೆ ಅಲುಗಿದರೆ ಐದಕ್ಕೆ ನಿಲ್ಲುತ್ತದೋ ಇಲ್ಲವೋ ಎಂದು ನಾನು ಊರು ಬರುವವರೆಗೂ ಮುಷ್ಟಿಯನ್ನೇ ನೋಡುತ್ತ ಕೂತಿದ್ದೆ.