ಪಕ್ಕದ ಮನೆಯ ಕುಕ್ಕರ್

ಆ ಮೊಟ್ಟೆಗಳನ್ನು ಬೇಯಿಸಿದ್ದು ನಾನು, ಪೂರ್ಣಿಮಾ. ನಿನ್ನ ಅತ್ತೆ ಇಂದಿರಮ್ಮನ ದೊಡ್ಡ ಕುಕ್ಕರಿನಲ್ಲಿ, ನನ್ನ ಅಡುಗೆಮನೆಯಲ್ಲಿ, ಹಿತ್ತಿಲ ಬಾಗಿಲು ಹಾಕಿಕೊಂಡು ನಾನೇ ಬೇಯಿಸಿದ್ದು. ಇದು ನಿನಗೆ ಮೊದಲಿನಿಂದಲೂ ಗೊತ್ತಿತ್ತು ಎನ್ನುವುದು ನನಗೆ ತಿಳಿದದ್ದು ಹೋದ ವಾರ. ಆದರೂ ನನ್ನ ಬಾಯಿಂದಲೇ ಒಮ್ಮೆ ಬರಬೇಕಲ್ಲ.

ಈಸ್ಟರ್ ಹಬ್ಬ ಹತ್ತಿರವಿತ್ತು. ನನ್ನ ಮಗಳು ಅನಘ ಆಗ ಮೂರನೇ ಕ್ಲಾಸು. ಅವಳ ಶಾಲೆಯಲ್ಲಿ ಮಕ್ಕಳೆಲ್ಲ ಬೇಯಿಸಿದ ಮೊಟ್ಟೆಗೆ ಬಣ್ಣ ಹಚ್ಚುವುದೆಂದು ತೀರ್ಮಾನವಾಗಿತ್ತು. ತಾಯಂದಿರ ಸಭೆಯಲ್ಲಿ ಟೀಚರು ಯಾರು ಬೇಯಿಸಿ ತರುತ್ತೀರಿ ಎಂದು ಕೇಳಿದಾಗ ನಾನು ಕೈ ಎತ್ತಿಬಿಟ್ಟೆ. ಮೊಟ್ಟೆಯನ್ನು ಮುಟ್ಟಿದವಳೇ ಅಲ್ಲ ನಾನು. ಬಸವನಗುಡಿಯ ಮಡಿಹೆಂಗಸು ಎಂದು ಆ ಇಂಗ್ಲಿಷಿನ ತಾಯಂದಿರು ನಗಬಾರದು — ಅಷ್ಟೇ ಕಾರಣ. ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಉಪಾಯ ಹೇಳಿಕೊಟ್ಟವಳು ಆಫೀಸಿನ ಗೆಳತಿ. "ಕುಕ್ಕರ್‌ಗೆ ಹಾಕ್ಬಿಡಿ ಮೇಡಂ, ಒಂದು ವಿಷಲ್ ಸಾಕು. ತೆರೆದ ಪಾತ್ರೆ ಥರ ವಾಸನೆ ಬರಲ್ಲ, ಸಿಪ್ಪೇನೂ ಸಲೀಸಾಗಿ ಬರುತ್ತೆ." ನಮ್ಮ ಬೀದಿಯಲ್ಲಿ ಯಾರಿಗೂ ಕಾಣಬಾರದೆಂದು ಚಾಮರಾಜಪೇಟೆಗೆ ಹೋಗಿ ಮೊಟ್ಟೆ ಕೊಂಡು, ಚೀಲದ ಮೇಲುಗಡೆ ಕೊತ್ತಂಬರಿ ಸೊಪ್ಪಿನ ಕಟ್ಟು ಇಟ್ಟುಕೊಂಡು ಬಂದೆ. ಈಗ ಬರೆಯುವಾಗ ನಗು ಬರಬೇಕು. ಬರುತ್ತಿಲ್ಲ.

ಇನ್ನು ಮುಂದಿನದನ್ನು ನಾನು ಯಾರಿಗೂ, ನನ್ನ ಮನೆಯವರಿಗೂ ಹೇಳಿಲ್ಲ. ನನ್ನ ಕುಕ್ಕರ್ ಒಲೆಯ ಪಕ್ಕದಲ್ಲೇ ಇತ್ತು. ಖಾಲಿ ಇತ್ತು. ಮೊಟ್ಟೆಗಳು ಅದರಲ್ಲಿ ಆರಾಮಾಗಿ ಹಿಡಿಯುತ್ತಿದ್ದವು. ಮುಚ್ಚಳ ತೆಗೆದೆ, ಒಂದು ಮೊಟ್ಟೆ ಕೈಗೆತ್ತಿಕೊಂಡೆ — ದಿನಾ ದೇವರ ಅನ್ನ ಆಗುವ ಪಾತ್ರೆಗೆ ಅದನ್ನು ಹೇಗೆ… ಕೈ ಹೋಗಲಿಲ್ಲ. ಮುಚ್ಚಳ ಮುಚ್ಚಿ ನಿಮ್ಮ ಮನೆಗೆ ಬಂದೆ. ನನ್ನ ಪಾತ್ರೆ ಮೈಲಿಗೆಯಾಗಬಾರದೆಂದು ನಿಮ್ಮ ಪಾತ್ರೆ ಕೇಳಲು ಬಂದೆ.

ಆ ದೊಡ್ಡ ಕುಕ್ಕರ್ ಬೀದಿಗೆಲ್ಲ ಬೇಕಾದದ್ದು. ನಾಮಕರಣವೋ ಸತ್ಯನಾರಾಯಣ ಪೂಜೆಯೋ ಎಂದರೆ ನಾವೆಲ್ಲ ಅದನ್ನೇ ಕೇಳಿ ತರುತ್ತಿದ್ದೆವು. ಇಂದಿರಮ್ಮ ದೇವಸ್ಥಾನಕ್ಕೆ ಹೋಗಿದ್ದರು. ನಡುಮನೆಯ ಅಟ್ಟದಿಂದ ಇಳಿಸಿಕೊಟ್ಟವಳು ನೀನು.

"ಏನಕ್ಕಾ ವಿಶೇಷ?"

"ನೆಂಟರು ಬರ್ತಾರೆ ಕಣೆ. ಕಡಲೆಕಾಳು ಉಸಲಿ ಮಾಡ್ಬೇಕು."

ಒಂದು ಮೊಟ್ಟೆ ಒಳಗೇ ಒಡೆದು ಬಿಳಿ ನೊರೆ ಮುಚ್ಚಳಕ್ಕೆಲ್ಲ ಮೆತ್ತಿತ್ತು. ಹುಣಸೆಹಣ್ಣು, ನಿಂಬೆ ಸಿಪ್ಪೆ, ಸೀಗೆಪುಡಿ — ಕೈ ಉರಿಯುವಷ್ಟು ತಿಕ್ಕಿದೆ. ಗ್ಯಾಸ್ಕೆಟ್ ಮಾತ್ರ ಬಿಚ್ಚಲಿಲ್ಲ. ನಿನ್ನ ಕೈಗೇ ವಾಪಸು ಕೊಟ್ಟೆ, ನೀನೇ ಅಟ್ಟಕ್ಕೆ ಏರಿಸಿದೆ.

ಮದುವೆಯಾಗಿ ಬಂದ ವರ್ಷದಿಂದ ನೀನು ಆ ಮನೆಯ ಅಡುಗೆಮನೆಯ ಹೊಸಿಲಿನ ಆಚೆ ನಿಂತೇ ತರಕಾರಿ ಹೆಚ್ಚಿಕೊಡುತ್ತಿದ್ದೆ. ಚನ್ನಪಟ್ಟಣದ ಕಡೆಯ ಗೌಡರ ಹುಡುಗಿ, ಮಗ ರಾಘು ಇಷ್ಟಪಟ್ಟು ಕರೆತಂದವಳು. ಇಂದಿರಮ್ಮ ಮಾತಿನಲ್ಲಿ ಒರಟಲ್ಲ, ಆದರೆ ಒಲೆ ಬಿಟ್ಟುಕೊಟ್ಟಿರಲಿಲ್ಲ. ನೀನು ಮಾಂಸ, ಮೊಟ್ಟೆ ಎಲ್ಲ ಬಿಟ್ಟೆ. ತವರಿಗೆ ಹೋದರೂ ತಿನ್ನುತ್ತಿರಲಿಲ್ಲ. ಕೊನೆಗೆ ಅವರು, ಈ ರಾಮನವಮಿಗೆ ನೈವೇದ್ಯದ ಹುಗ್ಗಿ ನೀನೇ ಮಾಡು ಎಂದರು. ಅವತ್ತು ನೀನು ಕಾಂಪೌಂಡಿನ ಹತ್ತಿರ ಓಡಿಬಂದು, "ಅಕ್ಕಾ, ಹೆಸರುಬೇಳೆ ಎಷ್ಟು ಕೆಂಪಗೆ ಹುರೀಬೇಕು?" ಎಂದು ಕೇಳಿದ್ದು ನನಗೆ ನೆನಪಿದೆ. ನಾನೇ ಹೇಳಿಕೊಟ್ಟೆ. ಘಮ ಬಂದರೆ ಸಾಕು, ಕೆಂಪಾಗಬಾರದು ಎಂದೆ.

ರಾಮನವಮಿಯ ಹಿಂದಿನ ದಿನ ಇಂದಿರಮ್ಮ ನನ್ನನ್ನು ಕೂಗಿ ಕರೆದರು. ಹುಗ್ಗಿಗೆಂದು ಅಟ್ಟದಿಂದ ಇಳಿಸಿದ ಕುಕ್ಕರ್ ಬಚ್ಚಲ ಕಲ್ಲಿನ ಮೇಲಿತ್ತು. ಗ್ಯಾಸ್ಕೆಟ್ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಮುಚ್ಚಳದ ಸಂದಿಯಲ್ಲಿ ಉಗುರಿನಷ್ಟು ಬಿಳಿಯ ಚೂರು ಅಂಟಿಕೊಂಡಿತ್ತು. ನೀನು ಗೋಡೆಗೆ ಒರಗಿ ನಿಂತಿದ್ದೆ.

"ಇದು ಮೊಟ್ಟೆ ಸಿಪ್ಪೆ ಅಲ್ವೇನೆ ಸುಮಿತ್ರಾ? ನೀನು ಇದ್ರಲ್ಲಿ ಏನು ಬೇಯ್ಸಿದ್ದೆ?"

"ಕಡಲೆಕಾಳು," ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅದನ್ನೂ ಮಾಡಲಿಲ್ಲ. ನನ್ನ ಧ್ವನಿ ನಡುಗಲೂ ಇಲ್ಲ. ಯಾಕೆಂದರೆ ಅವರು ನನ್ನ ಮೇಲೆ ಸಂಶಯಪಟ್ಟು ಕೇಳಿರಲಿಲ್ಲ, ಸಾಕ್ಷಿಗೆ ಕರೆದಿದ್ದರು.

ಅವರು ನಿನ್ನ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ಇನ್ನು ಈ ಮನೇಲಿ ತಿನ್ನೋರು ಯಾರಮ್ಮ ಇದಾರೆ?"

"ನಾನಲ್ಲ ಅತ್ತೆ," ಅಂದೆ ನೀನು. ಆಮೇಲೆ ನನ್ನನ್ನು ನೋಡಿದೆ. ಕೋಪದಿಂದಲ್ಲ — ಬಸ್ ನಿಲ್ದಾಣದಲ್ಲಿ ಬಸ್ಸು ಬರುವ ದಾರಿ ನೋಡುವ ಹಾಗೆ ನೋಡಿದೆ. ನಾನು ಹುಗ್ಗಿಗೆ ನಮ್ಮ ಕುಕ್ಕರ್ ಕೊಡುತ್ತೇನೆ ಎಂದು ಇಂದಿರಮ್ಮನಿಗೆ ಹೇಳಿ ಮನೆಗೆ ಬಂದೆ. ಸಾರಿಗೆ ಬೇಳೆ ಇಟ್ಟೆ. ಏನೂ ಅನ್ನಿಸಲಿಲ್ಲ.

ಹುಗ್ಗಿ ಇಂದಿರಮ್ಮನೇ ಮಾಡಿದರು. ನನ್ನ ಶುದ್ಧವಾದ ಕುಕ್ಕರಿನಲ್ಲಿ. ನಿನಗೆ ಮಹಡಿಯ ಮೇಲೆ ಬೇರೆ ಒಲೆ ಆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸ್ವಲ್ಪ ದಿನಕ್ಕೆ ನೀವಿಬ್ಬರೂ ತ್ಯಾಗರಾಜನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಹೋದಿರಿ. ಹುಟ್ಟುಗುಣ ಎಲ್ಲಿ ಹೋಗುತ್ತೆ ಎಂದು ಬೀದಿಯಲ್ಲಿ ಯಾರೋ ಅಂದರು. ನಾನು ತಲೆಯಾಡಿಸಿದೆ. ಅದೂ ನಾನೇ.

ಹೋದ ವಾರ ಗಾಂಧಿಬಜಾರಿನಲ್ಲಿ ಸೇವಂತಿಗೆ ಕೊಳ್ಳುತ್ತಿದ್ದಾಗ ನೀನೇ ಹಿಂದಿನಿಂದ ಕರೆದೆ. ಅನಘ ಏನು ಓದುತ್ತಿದ್ದಾಳೆ ಎಂದು ಕೇಳಿದೆ. ಕಾಲೇಜು ಮುಗಿಯಿತು ಎಂದೆ ನಾನು. ನೀನು ನಕ್ಕು, "ಅವತ್ತು ನೀಲಿ ಮೊಟ್ಟೆ ಮೇಲೆ ಹಳದಿ ಚುಕ್ಕಿ ಇಟ್ಟಿದ್ಲು, ಎಷ್ಟು ಚೆನ್ನಾಗಿತ್ತು," ಅಂದೆ. ಹೂವಿನವಳು ಮೊಳ ಹಾಕುತ್ತಲೇ ಇದ್ದಳು.

"ನಿಂಗೆ ಹೇಗೆ…"

"ಸ್ಕೂಲಿಂದ ಬಂದೋಳು ಕಾಂಪೌಂಡ್ ಹತ್ರ ತಂದು ತೋರಿಸಿದ್ಲಕ್ಕ. ನಮ್ಮಮ್ಮ ಬೇಯ್ಸಿದ್ದು ಅಂತ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನಾನು ಹೇಳಿದ್ರೆ ಯಾರು ನಂಬ್ತಿದ್ರು? ನೀವು ಹೇಳ್ತೀರ ಅಂದ್ಕೊಂಡೆ." ಆಮೇಲೆ ನೀನು ಕೊಂಡ ಹೂವಿನ ಪೊಟ್ಟಣ ಚೀಲಕ್ಕೆ ಹಾಕಿಕೊಳ್ಳುತ್ತ, "ಆಮೇಲೆ ರಾಘೂಗೆ ಹೇಳೋಣ ಅಂದ್ರೆ, ಅವನೇ ಒಂದ್ಸಲ ಕೇಳ್ಬಿಟ್ಟ. ಆಸೆ ಆಗಿ ತಿಂದಿದ್ರೆ ಹೇಳ್ಬಿಡು, ನಾನೇನೂ ಅನ್ನಲ್ಲ ಅಂತ. ಅವನೂ ಹಾಗೆ ಕೇಳಿದ್ಮೇಲೆ ಹೇಳೋಕೆ ಮನಸ್ಸೇ ಬರ್ಲಿಲ್ಲ," ಅಂದೆ.

ನಿನ್ನ ಕೈತಪ್ಪಿದ್ದು ಒಲೆಯಷ್ಟೇ ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.

ನಿನ್ನೆ ಇಂದಿರಮ್ಮನ ಮುಂದೆ ಕೂತು ಎಲ್ಲವನ್ನೂ ಹೇಳಿದೆ — ಶಾಲೆ, ಚಾಮರಾಜಪೇಟೆ, ಉಸಲಿಯ ಸುಳ್ಳು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ನನ್ನ ಕೈ ಹಿಡಿದರು.

"ಪೂರ್ಣಿಮಾ ಸಿಕ್ಕಿದ್ಲಾ? ಅವಳಿಗೋಸ್ಕರ ಹೀಗೆ ಹೇಳ್ತಿದೀಯ. ನಿಮ್ಮನೇಲಿ ಮೊಟ್ಟೆ ಅಂದ್ರೆ ನಾನು ನಂಬ್ತೀನೇನೆ? ಬೇರೆಯೋರ ತಪ್ಪು ಮೈಮೇಲೆ ಹಾಕ್ಕೋತೀಯಲ್ಲ… ದೊಡ್ಡ ಮನಸ್ಸು ಕಣೆ ನಿಂದು."

ನಿಜ ಅಮ್ಮ, ನಾನೇ ಎಂದೆ. ಇನ್ನೊಮ್ಮೆ ಎಂದೆ. ಅವರು ನಗುತ್ತ ಎದ್ದು ಹೋಗಿ ಕಾಫಿ ತಂದರು. ಬಿಸಿಯಾಗಿತ್ತು, ಸಕ್ಕರೆ ಹದವಾಗಿತ್ತು. ನಾನು ಕುಡಿದೆ, ಪೂರ್ಣಿಮಾ. ಪೂರ್ತಿ ಕುಡಿದು, ಲೋಟ ಇಟ್ಟು ಬಂದೆ.

ಭಾನುವಾರ ರಾಘು ತಾಯಿಯನ್ನು ನೋಡಲು ಬರುತ್ತಾನೆ. ಅವನ ಎದುರಿಗೆ ಮತ್ತೆ ಹೇಳುತ್ತೇನೆ. ನನ್ನ ಕುಕ್ಕರ್ ಖಾಲಿ ಇತ್ತು ಎನ್ನುವುದನ್ನೂ ಹೇಳುತ್ತೇನೆ, ನಿನ್ನೆ ಅದೊಂದನ್ನು ಬಿಟ್ಟಿದ್ದೆ. ಇಂದಿರಮ್ಮ ಕಾಫಿ ಕೊಟ್ಟರೆ ಈ ಸಲ ಬೇಡ ಎನ್ನುತ್ತೇನೆ.